ಮೊದಲ ಹನಿ ರಕ್ತಕ್ಕೆ ನಿಲ್ಲುವ ಕಾಳಗ: ಮೈಸೂರು ಸೀಮೆಯ ಅಡ್ರಿನಲಿನ್ ಕಥೆ

ಇಯರ್‌ಫೋನ್ ಸಿಗಿಸ್ಕೊಂಡು ಗಾಡಿ ಓಡಿಸ್ತಾ ಈ ಸಂಚಿಕೆ ಕೇಳ್ತಿದ್ರೆ ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ. ಇವತ್ತಿನ ವಿಷಯವೇ ಅಂಥದ್ದು.

ನಾನು ಮಾತಾಡ್ತಿರೋದು ಇಲವಾಲದಿಂದ. ಮೈಸೂರಿನಿಂದ ಹುಣಸೂರು ದಾರಿ ಹಿಡಿದರೆ ಸಿಗುವ ಊರು. ಚರಿತ್ರೆ ಪುಸ್ತಕಗಳಲ್ಲಿ ಇಲವಾಲಕ್ಕೆ ಎರಡೇ ಎರಡು ಸಾಲು. ಒಂದು, 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟರಿಗಾಗಿ ಎದ್ದ ದೊಡ್ಡ ಬಂಗಲೆ. ಇನ್ನೊಂದು, 1957ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮ್ಮೇಳನ. ವಿನೋಬಾ ಭಾವೆ, ನೆಹರೂ, ಜಯಪ್ರಕಾಶ ನಾರಾಯಣ ಎಲ್ಲ ಬಂದಿದ್ದರು. ಆದರೆ ಭಾನುವಾರ ಬೆಳಗ್ಗೆ ಆರು ಗಂಟೆಗೆ ಇಲ್ಲಿ ರಸ್ತೆ ಪಕ್ಕ ಟೀ ಕುಡೀತಾ ನಿಂತರೆ ಬೇರೆಯದೇ ಚರಿತ್ರೆ ಕಾಣುತ್ತೆ. ಕೊಡಗಿನ ಕಡೆ ಹೊರಟ ಬೈಕ್‌ಗಳ ಸಾಲು. ಹೆಲ್ಮೆಟ್ ಮೇಲೆ ಕ್ಯಾಮೆರಾ. ನಡುವೆ ಒಬ್ಬಿಬ್ಬರು ಮುಂದಿನ ಚಕ್ರ ಎತ್ತಿ ಹತ್ತು ಸೆಕೆಂಡು ಹೋಗ್ತಾರೆ. ಹಿಂದಿನ ಗಾಡಿಯವನು ಅದನ್ನ ಮೊಬೈಲ್‌ನಲ್ಲಿ ಹಿಡೀತಾನೆ.

ಆ ಹತ್ತು ಸೆಕೆಂಡಿನಲ್ಲಿ ಅವನ ಮೈಯೊಳಗೆ ಆಗೋದು ಏನು? ಈ ಸೀಮೆಯ ಜನ ಅದನ್ನ ಹಿಂದೆ ಎಲ್ಲಿ, ಹೇಗೆ ಅನುಭವಿಸ್ತಿದ್ರು? ಅದಕ್ಕೆ ಬೆಲೆ ತೆತ್ತವರು ಯಾರು? ಇವತ್ತು ಇಷ್ಟು ನೋಡೋಣ.

ಮೊದಲು ಮೈಯ ವಿಷಯ. ಅಡ್ರಿನಲಿನ್ ಅನ್ನೋ ಹೆಸರಿಗೆ ನೂರಿಪ್ಪತ್ತೈದು ವರ್ಷವೂ ತುಂಬಿದೆಯೋ ಇಲ್ಲವೋ, ಅದರ ಕೆಲಸ ಮಾತ್ರ ಕನ್ನಡಕ್ಕೆ ಯಾವತ್ತಿಂದಲೋ ಗೊತ್ತು. ಎದೆ ಡವಡವ ಅಂತು. ಬಾಯಿ ಒಣಗಿತು. ಕೈಕಾಲು ತಣ್ಣಗಾಯ್ತು. ಮೈ ಜುಂ ಅಂತು. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ನಮ್ಮಜ್ಜಿಯರು ಆಡಿದ ಈ ಮಾತುಗಳನ್ನ ಒಂದರ ಪಕ್ಕ ಒಂದು ಇಟ್ಟರೆ ವೈದ್ಯಕೀಯ ಪುಸ್ತಕದ ಒಂದು ಪುಟವೇ ಆಗುತ್ತೆ. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಪುಟ್ಟ ಗ್ರಂಥಿಗಳಿಂದ ಈ ರಸ ರಕ್ತಕ್ಕೆ ಇಳಿಯುತ್ತೆ. ಹೃದಯ ಜೋರಾಗುತ್ತೆ. ಶ್ವಾಸನಾಳ ಅಗಲವಾಗುತ್ತೆ. ಕಣ್ಣಿನ ಪಾಪೆ ಹಿಗ್ಗುತ್ತೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನ ರಕ್ತಕ್ಕೆ ಬಿಡುತ್ತೆ. ಚರ್ಮದಿಂದಲೂ ಹೊಟ್ಟೆಯಿಂದಲೂ ರಕ್ತ ಹಿಂದೆ ಸರಿದು ಸ್ನಾಯುಗಳ ಕಡೆ ಹರಿಯುತ್ತೆ. ಕೈ ತಣ್ಣಗಾಗೋದು ಅದಕ್ಕೇ.

1894ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಅನ್ನೋ ಇಬ್ಬರು, ಈ ಗ್ರಂಥಿಯ ಸಾರ ಕೊಟ್ಟರೆ ಪ್ರಾಣಿಗಳ ರಕ್ತದೊತ್ತಡ ಸರ್ರನೆ ಏರುತ್ತೆ ಅಂತ ತೋರಿಸಿದರು. 1900–01ರಲ್ಲಿ ಅಮೆರಿಕದಲ್ಲಿದ್ದ ಜಪಾನಿ ರಸಾಯನ ವಿಜ್ಞಾನಿ ಜೋಕಿಚಿ ತಕಾಮಿನೆ, ಸಹಾಯಕ ಕೆಯಿಜೋ ಉಎನಾಕಾ ಜೊತೆ ಸೇರಿ ಅದನ್ನ ಹರಳಿನ ರೂಪದಲ್ಲಿ ಬೇರ್ಪಡಿಸಿದ. ಅಡ್ರಿನಲಿನ್ ಅಂತ ಹೆಸರಿಟ್ಟ, ಪೇಟೆಂಟೂ ಮಾಡಿಸಿದ. ಆಮೇಲೆ ಬಂದದ್ದು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್. ಬೆಕ್ಕುಗಳ ಹೊಟ್ಟೆಯನ್ನ ಎಕ್ಸ್‌ರೇಯಲ್ಲಿ ನೋಡ್ತಿದ್ದಾಗ, ಬೆಕ್ಕು ಹೆದರಿದ ಕೂಡಲೇ ಹೊಟ್ಟೆಯ ಚಲನೆ ನಿಂತುಬಿಡೋದು ಅವನ ಕಣ್ಣಿಗೆ ಬಿತ್ತು. 1915ರ ತನ್ನ ಪುಸ್ತಕದಲ್ಲಿ, ಅಪಾಯ ಎದುರಾದಾಗ ಮೈ ‘ಹೋರಾಡು ಇಲ್ಲವೇ ಓಡು’ ಅನ್ನೋದಕ್ಕೆ ಸಜ್ಜಾಗುತ್ತೆ ಅಂದ. ಆ ಮಾತನ್ನ ಈಗ ಹೈಸ್ಕೂಲು ಮಕ್ಕಳೂ ಹೇಳ್ತಾರೆ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಇದನ್ನ ತಪ್ಪಾಗಿ ಹೇಳ್ತಾರೆ. ರಕ್ತದಲ್ಲಿನ ಅಡ್ರಿನಲಿನ್ ಮಿದುಳಿನೊಳಕ್ಕೆ ಸುಲಭವಾಗಿ ಹೋಗಲ್ಲ. ಮಿದುಳಿಗೂ ರಕ್ತಕ್ಕೂ ನಡುವೆ ಒಂದು ಜರಡಿ ಇದೆ, ಅದು ತಡೆಯುತ್ತೆ. ಹಾಗಾಗಿ ಆ ‘ಕಿಕ್’ ಇದೆಯಲ್ಲ, ಅದು ಬರೀ ಅಡ್ರಿನಲಿನ್‌ದು ಅಲ್ಲ. ಮಿದುಳಿನಲ್ಲಿ ಡೋಪಮಿನ್‌ನಂಥ ಬೇರೆ ರಾಸಾಯನಿಕಗಳು ಆಟ ಆಡ್ತಿರ್ತವೆ. ಜೊತೆಗೆ ‘ಬಚಾವಾದೆ’ ಅನ್ನೋ ನೆಮ್ಮದಿಯೂ ಸೇರಿಕೊಳ್ಳುತ್ತೆ. ರಕ್ತದಲ್ಲಿ ಅಡ್ರಿನಲಿನ್‌ನ ಆಯುಷ್ಯವೂ ಕಡಿಮೆ, ಎರಡು ಮೂರು ನಿಮಿಷದಲ್ಲಿ ಅರ್ಧಕ್ಕಿಳಿಯುತ್ತೆ.

ಇನ್ನೊಂದು ಮಜಾ ನೋಡಿ. 1974ರಲ್ಲಿ ಡಟನ್ ಮತ್ತು ಏರನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಒಂದು ಪ್ರಯೋಗ ಮಾಡಿದರು. ಕ್ಯಾಪಿಲಾನೋ ಅಂತ ಸುಮಾರು 70 ಮೀಟರ್ ಎತ್ತರದ ತೂಗುಸೇತುವೆ, ಕಾಲಿಟ್ಟರೆ ಅಲ್ಲಾಡುತ್ತೆ. ಅದರ ಮೇಲೆ ಗಂಡಸರನ್ನ ಒಬ್ಬ ಹುಡುಗಿ ಮಾತಾಡಿಸಿ ಫೋನ್ ನಂಬರ್ ಕೊಟ್ಟಳು. ಪಕ್ಕದ ಗಟ್ಟಿ ಸೇತುವೆಯ ಮೇಲೂ ಹಾಗೇ ಮಾಡಿದಳು. ಅಲ್ಲಾಡುವ ಸೇತುವೆಯಲ್ಲಿ ನಂಬರ್ ಪಡೆದವರಲ್ಲಿ ಅರ್ಧದಷ್ಟು ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿ ಸೇತುವೆಯವರಲ್ಲಿ ಮಾಡಿದವರು ಬೆರಳೆಣಿಕೆ. ಎದೆ ಬಡಿತ ಸೇತುವೆಯದ್ದು, ಮನಸ್ಸು ಮಾತ್ರ ಅದನ್ನ ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡಿತು. ಅಂದ್ರೆ ಮೈ ಕೊಡೋದು ಬರೀ ಬಡಿತ, ಅದು ಭಯವೋ ಪ್ರೀತಿಯೋ ಭಕ್ತಿಯೋ ಶೋಕಿಯೋ ಅಂತ ಹೆಸರಿಡೋದು ಸುತ್ತಲಿನ ಸಂದರ್ಭ. ಈ ಮಾತು ನೆನಪಲ್ಲಿಟ್ಕೊಳ್ಳಿ. ಈಗ ಅರಮನೆಗೆ ಹೋಗೋಣ.

ವಿಜಯದಶಮಿಯ ಬೆಳಗ್ಗೆ. ಮಧ್ಯಾಹ್ನದ ಜಂಬೂಸವಾರಿಗೆ ಊರಿಗೆ ಊರೇ ಕಾಯ್ತಾ ಇರುತ್ತೆ. ಅದಕ್ಕೂ ಮೊದಲು ಅರಮನೆಯ ಒಳಾಂಗಣದಲ್ಲಿ, ರಾಜಮನೆತನದವರ ಎದುರು, ಮಣ್ಣಿನ ಅಖಾಡದಲ್ಲಿ ಒಂದು ಕಾಳಗ ನಡೆಯುತ್ತೆ. ವಜ್ರಮುಷ್ಟಿ ಕಾಳಗ. ಕಾದಾಡೋದು ಜಟ್ಟಿ ಸಮುದಾಯದವರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಬಂದ ಎರಡು ಜೋಡಿ. ತಲೆ ಬೋಳಿಸಿ ಒಂದಿಷ್ಟು ಜುಟ್ಟು ಬಿಟ್ಟಿರ್ತಾರೆ. ಬಲಗೈ ಬೆರಳಿಗೆ ಮುಳ್ಳುಮುಳ್ಳಾದ ಆಯುಧ, ದಂತದ್ದೋ ಕೊಂಬಿನದ್ದೋ. ಅದೇ ವಜ್ರಮುಷ್ಟಿ. ಕುಲದೇವತೆ ನಿಂಬುಜಾ ದೇವಿಗೆ ಕೈಮುಗಿದು ಬಂದವರು.

ಶುರುವಾಯ್ತು ಅನ್ನೋಷ್ಟರಲ್ಲಿ ಮುಗಿದಿರುತ್ತೆ. ಎಷ್ಟೋ ಸಲ ಒಂದು ನಿಮಿಷವೂ ಆಗಿರಲ್ಲ. ಯಾರಾದರೊಬ್ಬರ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸ್ತಾರೆ. ಅಲ್ಲಿಗೆ ಕಾಳಗ ಮುಗೀತು. ಎರಡನೇ ಏಟಿಗೆ ಅವಕಾಶವೇ ಇಲ್ಲ.

ಇದು ಮೊನ್ನೆ ಮೊನ್ನೆಯದ್ದಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನುನಿಜ್, ಮಹಾನವಮಿಯಲ್ಲಿ ರಾಯರ ಎದುರು ಮಲ್ಲರು ಕಾದಾಡುತ್ತಿದ್ದುದನ್ನ ಬರೆದಿಟ್ಟಿದ್ದಾನೆ. ಹಲ್ಲು ಮುರಿಯೋದು, ಕಣ್ಣು ಹೋಗೋದು ಎಲ್ಲ ಅದೇ ಶತಮಾನದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಯಸ್‌ನ ಬರಹದಲ್ಲಿದೆ. ಆ ದಸರೆಯೇ ಮೈಸೂರು ಒಡೆಯರ ಕೈಗೆ ಬಂದದ್ದು. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲೂ ಜಟ್ಟಿಗಳಿದ್ದಾರೆ. ಎಮ್ಮೆ ಕೊಂಬಿನ ಆಯುಧ ಬೆರಳಿಗೆ ಸಿಗಿಸಿಕೊಂಡು ಹೊಡೆದಾಡ್ತಾರೆ ಅಂತ ವಿವರವಾಗಿ ಬರೀತಾನೆ.

ವಿಲ್ಕ್ಸ್ ಕಂಡದ್ದು ಆಯುಧ. ನನಗೆ ಆಯುಧಕ್ಕಿಂತ ಮುಖ್ಯ ಅನ್ನಿಸೋದು ಆ ನಿಲ್ಲಿಸುವ ನಿಯಮ. ಯೋಚನೆ ಮಾಡಿ. ಎದೆ ಬಡಿತ ತಾರಕಕ್ಕೇರಿದಾಗ, ನೋವು ಗೊತ್ತಾಗದೇ ಇರುವಾಗ, ಕಾದಾಡುವವನಿಗೆ ‘ಸಾಕು’ ಅಂತ ತಾನಾಗೇ ಅನ್ನಿಸಲ್ಲ. ಅವನ ಮೈಯೇ ಅವನಿಗೆ ಸುಳ್ಳು ಹೇಳ್ತಿರುತ್ತೆ. ಅದಕ್ಕೇ ನಿಲ್ಲಿಸುವ ಅಧಿಕಾರವನ್ನ ಅವನ ಕೈಗೆ ಕೊಟ್ಟಿಲ್ಲ. ಹೊರಗಿನವರ ಕೈಗೆ ಕೊಟ್ಟಿದ್ದಾರೆ, ಅದೂ ಎಲ್ಲರಿಗೂ ಕಾಣುವ ಒಂದು ಗುರುತಿನ ಮೇಲೆ. ವರ್ಷಕ್ಕೆ ಒಂದು ದಿನ, ಒಂದು ಅಖಾಡ, ಒಂದು ಹನಿ. ತಿಂಗಳುಗಟ್ಟಲೆ ಗರಡಿ ಸಾಧನೆ ಮಾಡಿದವರಿಗೆ ಮಾತ್ರ ಪ್ರವೇಶ. ಕ್ಯಾನನ್ ಹುಟ್ಟೋದಕ್ಕೆ ಎಷ್ಟೋ ಮೊದಲೇ ಜಟ್ಟಿ ಉಸ್ತಾದರಿಗೆ ಇದು ಗೊತ್ತಿತ್ತು. ಇದನ್ನ ಕಾಡುತನ ಅಂತ ಬರೆದ ಪ್ರವಾಸಿಗರ ಬಗ್ಗೆ ನನಗೆ ಸ್ವಲ್ಪ ನಗು ಬರುತ್ತೆ. ಅವರ ಊರಿನಲ್ಲಿ ಆಗ ಬರಿಗೈ ಮುಷ್ಟಿಯುದ್ಧ ಗಂಟೆಗಟ್ಟಲೆ, ಒಬ್ಬ ಏಳಲಾಗದೆ ಬೀಳೋವರೆಗೂ ನಡೀತಿತ್ತು.

ಆದರೆ ನಮ್ಮ ಸೀಮೆಯ ಎಲ್ಲ ರೋಮಾಂಚನವೂ ಇಷ್ಟು ನ್ಯಾಯವಾಗಿರಲಿಲ್ಲ.

ಇಲವಾಲದಿಂದ ಹುಣಸೂರು, ಅಲ್ಲಿಂದ ಎಡಕ್ಕೆ ತಿರುಗಿ ಹೆಗ್ಗಡದೇವನಕೋಟೆ, ಅದನ್ನೂ ದಾಟಿದರೆ ಕಾಕನಕೋಟೆ ಕಾಡು. ಈಗ ನೀವು ಸಫಾರಿಗೆ ಹೋಗ್ತೀರಲ್ಲ, ಕಬಿನಿ ಹಿನ್ನೀರಿನ ಕಡೆ, ಅದೇ. ಅಲ್ಲಿ ಖೆಡ್ಡಾ ನಡೀತಿತ್ತು. ಖೆಡ್ಡಾ ಅಂದ್ರೆ ಕಾಡಾನೆಗಳ ಇಡೀ ಹಿಂಡನ್ನ ತಮಟೆ, ಬೆಂಕಿ, ಗದ್ದಲದಿಂದ ಅಟ್ಟಿಕೊಂಡು ಬಂದು, ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿ ಹಿಡಿಯೋದು. ಮೈಸೂರಿನಲ್ಲಿ ಇದನ್ನ ಶುರು ಮಾಡಿದವನು ಜಿ.ಪಿ. ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ, 1873–74ರಲ್ಲಿ, ಚಾಮರಾಜನಗರದ ಕಡೆ. ಹೈದರಾಲಿ ಹಿಂದೊಮ್ಮೆ ಪ್ರಯತ್ನಪಟ್ಟು ಸೋತು, ಇನ್ನು ಮುಂದೆ ಇದಕ್ಕೆ ಕೈಹಾಕಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಿನಲ್ಲಿ ಬರೆಸಿದ್ದನಂತೆ. ಈ ಕಥೆಯನ್ನ ಸ್ಯಾಂಡರ್ಸನ್ ತನ್ನ 1878ರ ಪುಸ್ತಕದಲ್ಲಿ ಖುಷಿಯಿಂದ ಹೇಳ್ತಾನೆ. ಶಾಪ ತನಗೆ ತಟ್ಟಲಿಲ್ಲ ಅನ್ನೋದು ಅವನ ಹೆಮ್ಮೆ.

ಕಾಕನಕೋಟೆಯಲ್ಲಿ ಇದು ದೊಡ್ಡ ಪ್ರದರ್ಶನವೇ ಆಯ್ತು. ವೈಸರಾಯ್‌ಗಳು, ಇಂಗ್ಲೆಂಡಿನ ರಾಜಕುಮಾರರು, ಮಹಾರಾಜರ ಅತಿಥಿಗಳು ಬರೋರು. ನೋಡೋದಕ್ಕೆ ಎತ್ತರದಲ್ಲಿ ಆಸನಗಳು. ಕಬಿನಿ ಹೊಳೆಗೆ ಆನೆ ಹಿಂಡನ್ನ ಇಳಿಸಿ ದಾಟಿಸುವ ಹೊತ್ತಿಗೆ, ಮೇಲೆ ಕೂತವರ ಎದೆ ಡವಡವ. ಕೆಳಗೆ? ಹಿಂಡಿನ ಜಾಡು ಹಿಡಿದು ತಂದವರು ಜೇನುಕುರುಬರು, ಕಾಡುಕುರುಬರು. ಪಳಗಿದ ಆನೆಗಳ ಮೇಲೆ ಕೂತು ಕಾಡಾನೆಗಳ ನಡುವೆ ನುಗ್ಗಿದವರು ಮಾವುತರು. ಆನೆಯ ಹಿಂಗಾಲಿಗೆ ಹಗ್ಗ ಬಿಗಿಯೋಕೆ ಒಬ್ಬ ಮನುಷ್ಯ ನೆಲಕ್ಕಿಳೀಬೇಕಿತ್ತು. ಆ ಕಾಲುಗಳ ನಡುವೆ.

ಇಬ್ಬರ ರಕ್ತದಲ್ಲೂ ಓಡಿದ್ದು ಅದೇ ಅಡ್ರಿನಲಿನ್. ಮೇಲೆ ಕೂತವನಿಗೆ ಅದು ಜೀವಮಾನದ ಅನುಭವ, ದಿನಚರಿಯಲ್ಲಿ ಬರೆದುಕೊಳ್ಳೋ ವಿಷಯ. ಕೆಳಗಿನವನಿಗೆ ಆ ದಿನದ ಕೂಲಿ. ಹೊಳೆಯಲ್ಲಿದ್ದ ಮರಿಯಾನೆಗೆ? ಅದಕ್ಕೆ ಬರೀ ಭಯ. ಸೇತುವೆಯ ಪ್ರಯೋಗ ಹೇಳಿದ್ದೂ ಇದನ್ನೇ ಅಲ್ವಾ, ಬಡಿತ ಒಂದೇ, ಹೆಸರು ಬೇರೆ ಬೇರೆ. ಖೆಡ್ಡಾದ ಬಗ್ಗೆ ನಮ್ಮಲ್ಲಿ ಇರುವ ಬರಹಗಳಲ್ಲಿ ಹೆಚ್ಚಿನವು ಮೇಲೆ ಕೂತವರದ್ದು. ಕೆಳಗಿಳಿದವರ ಕಡೆಯಿಂದ ಹೊರಗೆ ಬಂದ ಹೆಸರು ಒಂದೇ ಒಂದು, ಅದೂ ಬೇರೆ ದಾರಿಯಲ್ಲಿ. ಕಾರಾಪುರದ ಮಾವುತನ ಮಗ ಸಾಬು. 1937ರ ‘ಎಲಿಫೆಂಟ್ ಬಾಯ್’ ಸಿನಿಮಾದಿಂದ ಹಾಲಿವುಡ್‌ವರೆಗೆ ಹೋದ ಹುಡುಗ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಜಲಾಶಯ ತುಂಬಿ ಆ ಜಾಗವೇ ಮುಳುಗಿತು. ಆದರೆ ಕಥೆ ಮುಳುಗಲಿಲ್ಲ. 1968ರಲ್ಲಿ ಕಾಕನಕೋಟೆಯ ಖೆಡ್ಡಾಗೆ ಬಿದ್ದ ಒಂದು ಆನೆ ನಿಮಗೆಲ್ಲ ಗೊತ್ತು: ಅರ್ಜುನ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯ ಜೊತೆ ಕಾದಾಡಿ ಸತ್ತಿತು. ಹಿಡಿಸಿಕೊಂಡ ಆನೆ, ಐವತ್ತೈದು ವರ್ಷದ ಮೇಲೆ ಇನ್ನೊಂದು ಆನೆಯನ್ನ ಹಿಡಿಯೋಕೆ ಹೋಗಿ ಹೋಯ್ತು. ಅಂಬಾರಿಯಿಂದ ನಿವೃತ್ತಿ ಕೊಟ್ಟಿದ್ದರು, ಆದರೆ ‘ಇನ್ನು ಸಾಕು’ ಅಂತ ಅದರ ಪರವಾಗಿ ಪೂರ್ತಿ ಹೇಳಿದವರು ಯಾರೂ ಇರಲಿಲ್ಲ.

ನೋಡುವವರ ರೋಮಾಂಚನ, ಮಾಡುವವರ ಜೀವ. ಈ ಲೆಕ್ಕ ಸಿನಿಮಾಕ್ಕೂ ಬಂತು. 2016ರ ನವೆಂಬರ್ 7. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್ ಶೂಟಿಂಗ್, ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ವಿಜಯ್ ಬದುಕಿ ದಡ ಸೇರಿದರು. ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿದರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಹಾರುವ ಮುಂಚೆ ಟಿವಿ ಕ್ಯಾಮೆರಾಗಳ ಮುಂದೆ ತಮಗೆ ಅಷ್ಟಾಗಿ ಈಜು ಬರಲ್ಲ, ಭಯ ಇದೆ ಅಂತಲೂ ಹೇಳಿಕೊಂಡಿದ್ದರು. ಭಯ ಹೇಳಿಕೊಂಡವರ ಮಾತು ಕೇಳಿಸಿಕೊಂಡು ನಿಲ್ಲಿಸುವ ಒಬ್ಬ ಉಸ್ತಾದ್ ಆ ದಿನ ಅಲ್ಲಿರಲಿಲ್ಲ. ಸಾಲುಸಾಲು ಕ್ಯಾಮೆರಾ ಮಾತ್ರ ಇದ್ದವು. ಚಿತ್ರತಂಡದವರ ಮೇಲೆ ಕೇಸ್ ಆಯ್ತು, ಮರುವರ್ಷ ಸಿನಿಮಾ ಬಿಡುಗಡೆಯೂ ಆಯ್ತು.

ಈಗ ರಸ್ತೆಗೆ ವಾಪಸ್ ಬರೋಣ. ಮೈಸೂರಿಗೂ ಬೈಕಿಗೂ ಹಳೇ ನಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನ ಮಾಡಿ ದೇಶಕ್ಕೆಲ್ಲ ಕಳಿಸ್ತು. ಆ ಟು-ಸ್ಟ್ರೋಕ್ ಸದ್ದು ಕೇಳಿದರೆ ಈಗಲೂ ಇಲ್ಲಿನ ಅರವತ್ತು ದಾಟಿದ ಅಂಕಲ್‌ಗಳ ಕಿವಿ ನೆಟ್ಟಗಾಗುತ್ತೆ. ವೇಗದ ಹುಚ್ಚು ನಿಮ್ಮ ತಲೆಮಾರಿನದ್ದು ಮಾತ್ರ ಅಂತ ಯಾರಾದ್ರೂ ಬೈದರೆ ನಂಬಬೇಡಿ.

ಬದಲಾಗಿರೋದು ಬೇರೆ. 2005ರಲ್ಲಿ ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ನಿಲ್ಲಿಸ್ತೀರೋ, ಇನ್ನಷ್ಟು ನುಗ್ಗಿಸ್ತೀರೋ ಅನ್ನೋದೇ ಪರೀಕ್ಷೆ. ಒಬ್ಬರೇ ಆಡಿದಾಗ ಹದಿಹರೆಯದವರಿಗೂ ದೊಡ್ಡವರಿಗೂ ಅಂಥಾ ವ್ಯತ್ಯಾಸ ಇರಲಿಲ್ಲ. ಪಕ್ಕದಲ್ಲಿ ಗೆಳೆಯರು ನಿಂತು ನೋಡ್ತಿದ್ದಾರೆ ಅಂದಾಗ ಮಾತ್ರ ಹದಿಹರೆಯದವರು ಕಣ್ಣಿಗೆ ಹೊಡೆಯುವಷ್ಟು ಹೆಚ್ಚು ರಿಸ್ಕ್ ತಗೊಂಡರು. ದೊಡ್ಡವರಲ್ಲಿ ಗೆಳೆಯರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆ ಕೋಣೆಯಲ್ಲಿ ನೋಡ್ತಿದ್ದದ್ದು ಇಬ್ಬರೋ ಮೂವರೋ ಗೆಳೆಯರು. ಈಗ ಫೋನಿನೊಳಗೆ ನೋಡುವವರು ಎಷ್ಟು ಸಾವಿರ?

ಹಿಂದೆ ಕಾಕನಕೋಟೆಯಲ್ಲಿ ಎತ್ತರದಲ್ಲಿ ಕೂತು ನೋಡುವವರು ಮತ್ತು ಕೆಳಗಿಳಿಯುವವರು ಬೇರೆ ಬೇರೆ ಆಗಿದ್ದರು. ರೀಲ್ಸ್ ಬಂದ ಮೇಲೆ ಒಬ್ಬನೇ ಹುಡುಗ ಎರಡೂ ಆಗಿದ್ದಾನೆ. ತಾನೇ ಹಗ್ಗ ಹಿಡಿದು ಕೆಳಗಿಳೀತಾನೆ, ಸಂಜೆ ತಾನೇ ಮೇಲೆ ಕೂತು ಲೈಕ್ ಎಣಿಸ್ತಾನೆ. ಮೊದಲ ಸಲದ ಕಿಕ್ ಎರಡನೇ ಸಲ ಅಷ್ಟು ಬರಲ್ಲ, ಮೈ ಅಭ್ಯಾಸ ಮಾಡಿಕೊಳ್ಳುತ್ತೆ. ಆಗ ಇನ್ನೂ ಸ್ವಲ್ಪ ಮೇಲೆ ಚಕ್ರ, ಇನ್ನೂ ಸ್ವಲ್ಪ ಸ್ಪೀಡು. ಹನಿ ರಕ್ತ ಕಂಡರೂ ನಿಲ್ಲಿಸುವವರು ಅಲ್ಲಿ ಯಾರೂ ಇಲ್ಲ. ಎದುರಿನಿಂದ ಹಾಲಿನ ಕ್ಯಾನ್ ಹೇರಿಕೊಂಡು ಬರ್ತಿರುವ ಟಿವಿಎಸ್‌ನವನು ಈ ಆಟಕ್ಕೆ ಹೆಸರು ಕೊಟ್ಟವನೇ ಅಲ್ಲ.

ಕಾನೂನು ಇದೆ, ಇಲ್ಲ ಅಂತಲ್ಲ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ತಂದೆತಾಯಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆದರೆ ದಂಡದ ಭಯ ಆ ಹತ್ತು ಸೆಕೆಂಡಿನಲ್ಲಿ ತಲೆಗೆ ಬರಲ್ಲ.

ಹಾಗಾದ್ರೆ ಟ್ರ್ಯಾಕ್‌ಗೆ ಹೋಗಿ ಅನ್ನೋಣವೇ? ಅನ್ನಬಹುದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಬೈಕ್ ವಿಶ್ವಕಪ್ ಗೆದ್ದದ್ದು ನಿಯಮವಿರುವ ಸ್ಪರ್ಧೆಗಳಲ್ಲಿ. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಮರುಭೂಮಿಯಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರ್ ಬಂತು, ವೈದ್ಯರು ಬಂದರು, ಬದುಕಿದರು. ಆದರೆ 2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ರೇಸಿನಲ್ಲಿ ಬಿದ್ದು ಸತ್ತ. ಹೆಲ್ಮೆಟ್ ಇತ್ತು, ನಿಯಮ ಇತ್ತು, ಆಂಬುಲೆನ್ಸ್ ಇತ್ತು. ಹಾಗಾಗಿ ಟ್ರ್ಯಾಕ್ ಅಂದ್ರೆ ಸೇಫ್ ಅಂತ ನಾನು ಹೇಳಲ್ಲ. ಅಲ್ಲಿ ಬೀಳುವವನು ಇನ್ನೊಬ್ಬರ ಮೇಲೆ ಬೀಳಲ್ಲ, ಬಾವುಟ ತೋರಿಸಿ ನಿಲ್ಲಿಸುವ ಒಬ್ಬರು ಇರ್ತಾರೆ. ವ್ಯತ್ಯಾಸ ಅಷ್ಟೇ. ಆದರೆ ಅದು ಸಣ್ಣದಲ್ಲ.

ಕೊಡಗಿನಲ್ಲಿ ಜಿಪ್‌ಲೈನ್, ದಾಂಡೇಲಿಯಲ್ಲಿ ರ‍್ಯಾಫ್ಟಿಂಗ್ ಅಂತ ಹೋಗುವವರಿಗೂ ಇದೇ ಅಳತೆ. ಬೆಲ್ಟ್ ಗಟ್ಟಿ ಇದೆಯಾ ಅಂತ ನೋಡೋದರ ಜೊತೆಗೆ, ಮಳೆ ಜಾಸ್ತಿಯಾದರೆ ‘ಇವತ್ತು ಬೇಡ, ದುಡ್ಡು ವಾಪಸ್’ ಅನ್ನೋ ಅಧಿಕಾರ ಅಲ್ಲಿ ಯಾರಿಗಿದೆ ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ ಕಾಫಿ ಕುಡಿದು ವಾಪಸ್ ಬನ್ನಿ.

ಕೊನೆಗೆ ಒಂದೆರಡು ಮಾತು, ಬಿದ್ದ ಮೇಲಿನ ಹೊತ್ತಿನ ಬಗ್ಗೆ. ಅಪಾಯದಲ್ಲಿ ಸಮಯ ನಿಧಾನವಾಯ್ತು ಅಂತ ಎಲ್ಲರೂ ಹೇಳ್ತಾರೆ. 2007ರಲ್ಲಿ ಡೇವಿಡ್ ಈಗಲ್‌ಮನ್ ತಂಡ ಜನರನ್ನ 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ ಪರೀಕ್ಷೆ ಮಾಡಿತು. ತಾವು ಬಿದ್ದದ್ದು ಬಹಳ ಹೊತ್ತು ಅಂತ ಅವರಿಗೆ ಅನ್ನಿಸಿತ್ತು, ಆದರೆ ಬೀಳುವಾಗ ಅವರ ಕಣ್ಣು ಏನನ್ನೂ ಹೆಚ್ಚು ಚುರುಕಾಗಿ ಗ್ರಹಿಸಿರಲಿಲ್ಲ. ನೆನಪು ಮಾತ್ರ ದಟ್ಟವಾಗಿತ್ತು. ಅಂದ್ರೆ ಗಾಡಿ ಜಾರಿದಾಗ ‘ಆ ಕ್ಷಣದಲ್ಲಿ ಮ್ಯಾನೇಜ್ ಮಾಡ್ತೀನಿ’ ಅನ್ನೋಕೆ ನಿಮಗೆ ಹೆಚ್ಚುವರಿ ಸಮಯ ಸಿಗಲ್ಲ.

ಮತ್ತೆ ನೋವು. ಜಟ್ಟಿಗಳ ತಲೆಯಿಂದ ರಕ್ತ ಇಳೀತಿದ್ದರೂ ಅವರು ನಿಂತೇ ಇರ್ತಾರೆ. ರಸ್ತೆಯಲ್ಲಿ ಬಿದ್ದ ಹುಡುಗನೂ ಹಾಗೇ, ಎದ್ದು ಪ್ಯಾಂಟ್ ಕೊಡವಿ ‘ಏನೂ ಆಗಿಲ್ಲ ಬಿಡಣ್ಣ’ ಅಂತ ಗಾಡಿ ಸ್ಟಾರ್ಟ್ ಮಾಡೋಕೆ ನೋಡ್ತಾನೆ. ಆ ಮಾತು ಅವನದ್ದಲ್ಲ, ಅವನ ರಕ್ತದಲ್ಲಿರೋ ರಸದ್ದು. ಒಳಗಡೆ ತಲೆಗೋ ಹೊಟ್ಟೆಗೋ ಪೆಟ್ಟಾಗಿದ್ದರೆ ಗೊತ್ತಾಗೋದು ಅದು ಇಳಿದ ಮೇಲೆ. ನೀವು ಪಕ್ಕದಲ್ಲಿದ್ದರೆ ಕೀ ಕಿತ್ತುಕೊಳ್ಳಿ, ನೆರಳಿಗೆ ಕೂರಿಸಿ, ತಲೆಗೋ ಕತ್ತಿಗೋ ಪೆಟ್ಟಾಗಿದೆ ಅನ್ನಿಸಿದರೆ ಅಲ್ಲಾಡಿಸೋಕೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಅವನು ಬೇಡ ಅಂದರೂ.